ಧ್ರುವದ ಮೋಡ, ಮಲೆನಾಡಿನ ಗುಜರಿ

ಸೆಪ್ಟೆಂಬರ್ 16ರ ಓಜೋನ್ ದಿನ ಬಂದಾಗಲೆಲ್ಲ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮಂಥವರಿಗೆ ಒಂದು ಪ್ರಶ್ನೆ ಏಳುವುದು ಸಹಜ. ಫ್ರಿಜ್, ಎ.ಸಿ.ಗಳಿಂದ ಹೊರಟ ಸಿಎಫ್‌ಸಿ ಅನಿಲ ಜಗತ್ತಿನ ಎಲ್ಲೆಡೆ ಹರಡಿದೆ. ಹಾಗಿರುವಾಗ ಓಜೋನ್ ರಂಧ್ರ ಅಂಟಾರ್ಕ್ಟಿಕದ ನೆತ್ತಿಯ ಮೇಲೇ ಏಕೆ?

ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಸುಲಭವೆಂದು ನನಗನ್ನಿಸುತ್ತದೆ. ಕೊಳೆರೋಗದ ಬೀಜಾಣು ತೋಟದಲ್ಲಿ ಎಂದೂ ಪೂರ್ತಿ ಅಳಿಯುವುದಿಲ್ಲ; ಆದರೆ ಅದು ಕೊನೆಗೆ ಎರಗುವುದು ಆಷಾಢದ ಜಡಿಮಳೆ ಬಿಡದೆ ಹಿಡಿದಾಗ. ಓಜೋನ್ ವಿಷಯದಲ್ಲಿ ಆ ಜಡಿಮಳೆಯ ಪಾತ್ರ ಧ್ರುವಪ್ರದೇಶದ ಸಮೋಷ್ಣ ಮಂಡಲದ ಮೋಡಗಳದ್ದು.

ಆ ಎತ್ತರದಲ್ಲಿ ಕ್ಲೋರಿನ್‌ನ ಬಹುಪಾಲು ಹೈಡ್ರೋಜನ್ ಕ್ಲೋರೈಡ್ ಮತ್ತು ಕ್ಲೋರಿನ್ ನೈಟ್ರೇಟ್ ಎಂಬ ಎರಡು ಸಂಯುಕ್ತಗಳಲ್ಲಿ ನಿರುಪದ್ರವಿಯಾಗಿ ಬಂದಿಯಾಗಿರುತ್ತದೆ. ಅಂಟಾರ್ಕ್ಟಿಕದ ಸೂರ್ಯನಿಲ್ಲದ ಚಳಿಗಾಲದಲ್ಲಿ ಉಷ್ಣತೆ ಮೈನಸ್ 78 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ನೀರಾವಿಯೂ ನೈಟ್ರಿಕ್ ಆಮ್ಲವೂ ಕೂಡಿ 15ರಿಂದ 25 ಕಿ.ಮೀ. ಎತ್ತರದಲ್ಲಿ ತೆಳು ಮೋಡಗಳಾಗುತ್ತವೆ. ಅವುಗಳ ಕಣಗಳ ಮೈಮೇಲೆ ಈ ಎರಡು ಸಂಯುಕ್ತಗಳು ಸಂಧಿಸಿ ಕ್ಲೋರಿನ್ ಅನಿಲ ಹೊರಬೀಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬಿಸಿಲು ಮರಳಿದೊಡನೆ ಆ ಕ್ಲೋರಿನ್ ಪರಮಾಣುಗಳಾಗಿ ಒಡೆದು ಓಜೋನನ್ನು ಕಬಳಿಸುತ್ತದೆ. ನೈಟ್ರಿಕ್ ಆಮ್ಲವಾದರೋ ಕಣಗಳೊಡನೆ ಕೆಳಗಿಳಿದು ಹೋಗಿರುತ್ತದೆ. ಕ್ಲೋರಿನ್ನನ್ನು ಪುನಃ ಕಟ್ಟಿಹಾಕಬೇಕಾದ ಸಾರಜನಕದ ಸಂಯುಕ್ತಗಳಿಗೇ ಬರ. 1985ರಲ್ಲಿ ಬ್ರಿಟಿಷ್ ವಿಜ್ಞಾನಿಗಳು ರಂಧ್ರವನ್ನು ಪ್ರಕಟಿಸಿದ ಮರುವರ್ಷವೇ ಸೂಸನ್ ಸಾಲೊಮನ್ ಮತ್ತು ಸಂಗಡಿಗರು ಈ ಮೋಡಗಳತ್ತ ಬೊಟ್ಟು ಮಾಡಿದ್ದರು.

ರಂಧ್ರ ಅಲ್ಲಿದೆಯೆಂದು ನಾವು ನಿಶ್ಚಿಂತರಾಗುವಂತಿಲ್ಲ. ಕೆಳಗಿನ ಗಾಳಿ ಸಮೋಷ್ಣ ಮಂಡಲಕ್ಕೆ ಏರುವ ಮುಖ್ಯ ದ್ವಾರ ನಾವಿರುವ ಉಷ್ಣವಲಯವೇ. ಇಲ್ಲಿಂದ ಮೇಲೇರಿದ ಗಾಳಿ ಕೆಲವು ವರ್ಷಗಳಲ್ಲಿ ಧ್ರುವಗಳತ್ತ ಸಾಗಿ ಅಲ್ಲಿ ಇಳಿಯುತ್ತದೆ.

1992ರಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿದ ಭಾರತ 2008ರಲ್ಲಿ ಸಿಎಫ್‌ಸಿ ತಯಾರಿಕೆಯನ್ನು ನಿಲ್ಲಿಸಿತು. ಜಗತ್ತು ಮಾತಿಗೆ ತಪ್ಪದಿದ್ದರೆ ಅಂಟಾರ್ಕ್ಟಿಕದ ಓಜೋನ್ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳೀತೆಂದು 2022ರ ಅಂತರರಾಷ್ಟ್ರೀಯ ವರದಿ ಅಂದಾಜಿಸಿದೆ. ಇಷ್ಟು ವಿಳಂಬವೇಕೆಂದರೆ, ಹಳೆಯ ಫ್ರಿಜ್‌ಗಳ ಸಿಎಫ್‌ಸಿ-12 ವಾತಾವರಣದಲ್ಲಿ ಸುಮಾರು ನೂರು ವರ್ಷ ಉಳಿಯುವಂಥದ್ದು. ಮೆಕ್ಯಾನಿಕ್‌ಗಳು ಆರ್-22 ಎನ್ನುವ, ಹಳೆಯ ಎ.ಸಿ.ಗಳಲ್ಲಿನ ಅನಿಲಕ್ಕೂ ಓಜೋನ್ ಕೆಡಿಸುವ ಗುಣವಿದೆ. ಗುಜರಿಯಲ್ಲಿ ತಾಮ್ರದ ಆಸೆಗೆ ಕೊಳವೆ ಕತ್ತರಿಸಿದಾಗ 'ಬುಸ್' ಎಂದು ಹೊರಡುವುದು ಇವೇ. ಈ ಅನಿಲವನ್ನು ಸಿಲಿಂಡರಿಗೆ ಹಿಡಿದಿಡುವ ಯಂತ್ರಗಳಿವೆ. ಮೂರು ತಾಲ್ಲೂಕುಗಳ ಸ್ಥಳೀಯ ಸಂಸ್ಥೆಗಳು ಕೂಡಿ ಒಂದನ್ನಾದರೂ ತರಿಸಲಿ. ಗುಜರಿಯವರಿಗೆ ಅದರ ಬಳಕೆಯನ್ನು ಕಲಿಸಲಿ, ಸಂಗ್ರಹಿಸಿದ ಅನಿಲಕ್ಕೆ ಒಂದಿಷ್ಟು ಹಣವನ್ನೂ ಕೊಡಲಿ.