ದುಡ್ಡು ದಾಟುತ್ತೆ, ಮೆಸೇಜ್ ಯಾಕೆ ದಾಟಲ್ಲ?

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮ ಮೊನ್ನೆ ಫೋನಿನಲ್ಲಿ ಕೇಳಿದರು: "ಅಲ್ಲ ಕಣೋ, ನಿನ್ನ ಫೋನ್‌ಪೇಯಿಂದ ನನ್ನ ಗೂಗಲ್ ಪೇಗೆ ದುಡ್ಡು ಬರುತ್ತೆ. ನೀನು ಆ ಸಿಗ್ನಲ್ ಅಂತ ಇಟ್ಕೊಂಡಿದ್ದೀಯಲ್ಲ, ಅದರಿಂದ ಒಂದು ಫೋಟೊ ನನ್ನ ವಾಟ್ಸಾಪಿಗೆ ಬರಲ್ವಲ್ಲ, ಯಾಕೆ? ದುಡ್ಡಿಗಿಂತ ಫೋಟೊ ಭಾರವಾ?"

ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಇಷ್ಟು ವರ್ಷದಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಭಾರದ ಪ್ರಶ್ನೆಯೇ ಅಲ್ಲ. 2016ರಲ್ಲಿ ಯುಪಿಐ ಬಂದಾಗ ಎಲ್ಲ ಬ್ಯಾಂಕಿಗೂ ಒಂದೇ ರಸ್ತೆ, ಒಂದೇ ನಿಯಮ ಅಂತಾಯಿತು. ಆ್ಯಪ್ ಯಾರದ್ದಾದರೂ ಆಗಲಿ, ದುಡ್ಡು ದಾಟಲೇಬೇಕು. ಇಮೇಲೂ ಹಾಗೇ, ಎಸ್ಸೆಮ್ಮೆಸ್ಸೂ ಹಾಗೇ. ಚಾಟ್‌ನಲ್ಲಿ ಮಾತ್ರ ಪ್ರತಿ ಕಂಪನಿಯೂ ತನ್ನದೇ ರಸ್ತೆ ಹಾಕಿ, ತುದಿಯಲ್ಲಿ ಗೇಟು ನಿಲ್ಲಿಸಿ, ಬೀಗದಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿತು.

ಈ ಗೇಟಿನ ಜಗಳ ನಮ್ಮಲ್ಲಿ ಅನೇಕರಿಗಿಂತ ಹಳೆಯದು. ಅಮೆರಿಕದ ಎಓಎಲ್ ಕಂಪನಿ 1997ರಲ್ಲಿ ಎಐಎಂ ಅನ್ನುವ ಮೆಸೆಂಜರ್ ತಂದಿತು. ಮರುವರ್ಷ ಇಸ್ರೇಲಿನ ಐಸಿಕ್ಯೂ ಕೂಡ ಅದರ ಕೈಸೇರಿತು. ಚಾಟ್ ಮಾಡುವ ಜನವೆಲ್ಲ ಹೆಚ್ಚುಕಮ್ಮಿ ಒಂದೇ ಮನೆಯೊಳಗೆ. 1999ರ ಜುಲೈಯಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್ಎನ್ ಮೆಸೆಂಜರ್ ತಂದಾಗ ಅದರಲ್ಲಿ ಒಂದು ಉಪಾಯ ಇತ್ತು: ಅದರಿಂದಲೇ ಎಐಎಂಗೂ ಲಾಗಿನ್ ಆಗಿ ಅಲ್ಲಿನ ಸ್ನೇಹಿತರ ಜೊತೆ ಹರಟಬಹುದು. ಎಓಎಲ್ ಬಾಗಿಲು ಹಾಕಿತು. ಮೈಕ್ರೋಸಾಫ್ಟ್ ಕೋಡ್ ಬದಲಿಸಿ ಮತ್ತೆ ಒಳಗೆ ನುಗ್ಗಿತು. ಮತ್ತೆ ಬಾಗಿಲು, ಮತ್ತೆ ಕಿಟಕಿ. ವಾರಗಟ್ಟಲೆ ಇದೇ ಆಟ. ಕೊನೆಗೆ ಎಓಎಲ್, ತನ್ನದೇ ಸಾಫ್ಟ್‌ವೇರಿನಲ್ಲಿದ್ದ ಒಂದು ಭದ್ರತಾ ದೋಷವನ್ನೇ ಬಳಸಿಕೊಂಡು ಬಂದವನು ಮನೆಯವನೋ ಕಳ್ಳನೋ ಅಂತ ಪತ್ತೆಹಚ್ಚತೊಡಗಿತು. ನಿಮ್ಮ ಮನೆ ಗೋಡೆಯ ಬಿರುಕನ್ನೇ ಕಾವಲುಗಾರನನ್ನಾಗಿ ಇಟ್ಟುಕೊಂಡ ಹಾಗೆ! ಮೈಕ್ರೋಸಾಫ್ಟ್ ಕಡೆಯವರೊಬ್ಬರು ಬೇರೆ ಹೆಸರಿಟ್ಟುಕೊಂಡು ಒಬ್ಬ ಭದ್ರತಾ ತಜ್ಞರಿಗೆ ಇದರ ಚಾಡಿ ಹೇಳಿ ಇಮೇಲ್ ಕಳಿಸಿದರು. ಆ ತಜ್ಞರು ಇಮೇಲಿನ ಜಾಡು ಹಿಡಿದು ನೋಡಿದರೆ ಅದು ಮೈಕ್ರೋಸಾಫ್ಟ್‌ನಿಂದಲೇ ಹೊರಟಿತ್ತು. ಮೈಕ್ರೋಸಾಫ್ಟ್ ಕೊನೆಗೆ ಕೈಚೆಲ್ಲಿತು.

ದೊಡ್ಡವರು ಹೀಗೆ ಕಿತ್ತಾಡುವಾಗ ಹೊರಗಿನ ಡೆವಲಪರ್‌ಗಳು ಸುಮ್ಮನೆ ಕೂತಿರಲಿಲ್ಲ. ಗೈಮ್ ಅಂತ ಒಂದು ಉಚಿತ ತಂತ್ರಾಂಶ ಬಂತು (ಹೆಸರಿನ ತಕರಾರಿನಿಂದ 2007ರಲ್ಲಿ ಪಿಜಿನ್ ಆಯಿತು), ಟ್ರಿಲಿಯನ್ ಬಂತು. ಒಂದೇ ಕಿಟಕಿಯಲ್ಲಿ ಯಾಹೂ, ಎಂಎಸ್ಎನ್, ಎಐಎಂ ಎಲ್ಲ. ನಮ್ಮ ಕಡೆ ನೋಕಿಯಾ ಫೋನ್ ಕಾಲದಲ್ಲಿ ನಿಂಬಜ್ ಬಳಸಿದವರಿಗೆ ಆ ಸುಖ ನೆನಪಿರಬಹುದು. ಆದರೆ ಇವರಲ್ಲಿ ಬಹಳಷ್ಟು ಜನ ಒಳಗಿನ ಭಾಷೆಯನ್ನು ಕದ್ದು ಕೇಳಿ ಕಲಿತವರು. ಕಂಪನಿ ಆ ಕಡೆ ಒಂದು ಸಾಲು ಬದಲಿಸಿದರೆ ಈ ಕಡೆ ರಾತ್ರೋರಾತ್ರಿ ಎಲ್ಲ ಬಂದ್.

ಎಓಎಲ್ ಕೊನೆಗೂ ಬಾಗಿಲು ತೆರೆದದ್ದು 2006ರಲ್ಲಿ, 'ಓಪನ್ ಎಐಎಂ' ಅಂತ. ಬನ್ನಿ, ನಮ್ಮ ನೆಟ್‌ವರ್ಕ್ ಮೇಲೆ ಏನು ಬೇಕಾದರೂ ಕಟ್ಟಿ ಅಂತ ಕರೆದು, ಕೆಳಗೆ ಷರತ್ತಿನಲ್ಲಿ ಬೇರೆ ನೆಟ್‌ವರ್ಕ್ ಜೊತೆ ಸೇರಿಸುವ ಹಾಗಿಲ್ಲ ಅಂದಿತು. ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಆ ಷರತ್ತು ಸಡಿಲವಾಗಿ, ಪ್ರೊಟೊಕಾಲ್‌ನ ವಿವರ ಹೊರಬರಲು 2008 ಆಗಬೇಕಾಯಿತು. ಅಷ್ಟೊತ್ತಿಗೆ ಜನ ಬೇರೆ ಕಡೆ ಹೊರಟಿದ್ದರು. 2017ರ ಡಿಸೆಂಬರ್ 15ಕ್ಕೆ ಎಐಎಂ ಕಣ್ಣುಮುಚ್ಚಿತು.

ನನಗೆ ಹೆಚ್ಚು ಹೊಟ್ಟೆ ಉರಿಯುವುದು ಗೂಗಲ್ ಟಾಕ್ ಕಥೆಗೆ. 1999ರಲ್ಲಿ ಜೆರೆಮಿ ಮಿಲ್ಲರ್ ಜಾಬರ್ ಅನ್ನುವ ಮುಕ್ತ ವ್ಯವಸ್ಥೆ ಶುರುಮಾಡಿದ್ದರು. ಅದೇ ಮುಂದೆ ಎಕ್ಸ್‌ಎಂಪಿಪಿ ಆಯಿತು. ಇಮೇಲ್ ಥರ, ಯಾರ ಸರ್ವರ್ ಆದರೂ ಯಾರ ಜೊತೆಗೂ ಮಾತಾಡಬಹುದು. 2005ರಲ್ಲಿ ಗೂಗಲ್ ಇದನ್ನೇ ಹಿಡಿದು ಜಿಟಾಕ್ ಕಟ್ಟಿತು, ಮರುವರ್ಷ ಹೊರಗಿನ ಸರ್ವರ್‌ಗಳಿಗೂ ದಾರಿ ಬಿಟ್ಟಿತು. 2010ರಲ್ಲಿ ಫೇಸ್‌ಬುಕ್ ಚಾಟ್ ಕೂಡ ಎಕ್ಸ್‌ಎಂಪಿಪಿ ಆ್ಯಪ್‌ಗಳಿಗೆ ಬಾಗಿಲು ತೆಗೆಯಿತು. ಅಂದರೆ ಚಿಕ್ಕಮ್ಮ ಕೇಳಿದ್ದು ಕೈಗೆಟುಕುವಷ್ಟು ಹತ್ತಿರ ಬಂದಿತ್ತು! 2013ರಲ್ಲಿ ಗೂಗಲ್ ಹ್ಯಾಂಗೌಟ್ಸ್ ತಂದು ಆ ದಾರಿಯಿಂದ ಹಿಂದೆ ಸರಿಯಿತು. ಎರಡು ವರ್ಷದಲ್ಲಿ ಫೇಸ್‌ಬುಕ್ಕೂ ಮುಚ್ಚಿತು. ಇದರ ನಡುವೆ ಇನ್ನೊಂದು ತಮಾಷೆ: ವಾಟ್ಸಾಪ್ ಶುರುವಾದದ್ದೂ ಈ ಎಕ್ಸ್‌ಎಂಪಿಪಿಯನ್ನೇ ತನಗೆ ಬೇಕಾದಂತೆ ತಿದ್ದಿಕೊಂಡು. ಎಲ್ಲರ ಬಾವಿಯ ನೀರು, ಆದರೆ ಹಗ್ಗ ಅವರದು.

ವಾಟ್ಸಾಪ್ ಈಗ ಮುಕ್ತವಾಗಿದೆಯಲ್ಲ, ಎಪಿಐ ಇದೆಯಲ್ಲ ಅಂತ ಆಫೀಸಿನಲ್ಲಿ ಕೆಲವರು ವಾದ ಮಾಡುತ್ತಾರೆ. ಇದೆ, 2018ರಿಂದ ಇದೆ, ಉಪಯೋಗವೂ ಇದೆ. 2022ರ ನವೆಂಬರ್‌ನಿಂದ ನಮ್ಮ ಮೆಟ್ರೋ ಟಿಕೆಟ್ ವಾಟ್ಸಾಪಿನಲ್ಲೇ ಸಿಗುತ್ತಿದೆ, ಮೆಜೆಸ್ಟಿಕ್‌ನಲ್ಲಿ ಕ್ಯೂ ನಿಂತವನಿಗೆ ಅದರ ಬೆಲೆ ಗೊತ್ತು. ಆದರೆ ಈ ಬಾಗಿಲು ಬೇರೆ. ಕಂಪನಿಗಳು ಕಾಸು ಕೊಟ್ಟು ನಮ್ಮ ಹತ್ತಿರ ಬರಲು ಮಾಡಿದ್ದು. ನಾವು ಬೇರೆ ಆ್ಯಪ್‌ನಿಂದ ಬಂದು ಮಾತಾಡಲು ಅಲ್ಲ. ಅವರಾಗಿ ಮೊದಲು ಕಳಿಸುವ ಮೆಸೇಜಿನ ಟೆಂಪ್ಲೇಟಿಗೂ ಮುಂಚಿತವಾಗಿ ಒಪ್ಪಿಗೆ ಬೇಕು. ನಿಯಮ ಬದಲಿಸುವುದೂ ಮನೆ ಯಜಮಾನರೇ. 2025ರ ಅಕ್ಟೋಬರ್‌ನಲ್ಲಿ ಅವರು, ಇನ್ನು ಮೇಲೆ ಸಾಮಾನ್ಯ ಬಳಕೆಯ ಎಐ ಚಾಟ್‌ಬಾಟ್‌ಗಳಿಗೆ ಈ ಎಪಿಐ ಇಲ್ಲ ಅಂದರು, ಗಡುವು 2026ರ ಜನವರಿ 15. ಚಾಟ್‌ಜಿಪಿಟಿ ಗಂಟುಮೂಟೆ ಕಟ್ಟುವುದಾಗಿ ಹೇಳಿತು. ಮೆಟಾದ ಸ್ವಂತ ಎಐ ಮಾತ್ರ ಒಳಗೆ ಆರಾಮಾಗಿ ಕೂತಿದೆ. ಓಪನ್‌ಎಐಗೇ ಹೀಗಾದರೆ, ಇದೇ ಎಪಿಐ ನಂಬಿ ಹೆಚ್‌ಎಸ್‌ಆರ್ ಲೇಔಟಿನಲ್ಲಿ ಮೂರು ಜನ ಸೇರಿ ಸ್ಟಾರ್ಟಪ್ ಮಾಡುವವರ ಗತಿ ಏನು ಹೇಳಿ.

ಬಲವಂತವಾಗಿ ಗೇಟು ತೆಗೆಸಲು ಹೊರಟಿರುವುದು ಯುರೋಪ್. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ, ಬೇರೆ ಮೆಸೆಂಜರ್ ಕೇಳಿದರೆ ವಾಟ್ಸಾಪ್ ದಾರಿ ಬಿಡಬೇಕು: ಮೊದಲು ಇಬ್ಬರ ನಡುವಿನ ಮೆಸೇಜು, ಫೋಟೊ, ಫೈಲು, ಆಮೇಲೆ ಗ್ರೂಪು, ಕೊನೆಗೆ ಕಾಲ್. ಎನ್‌ಕ್ರಿಪ್ಶನ್ ಮಟ್ಟ ಕಡಿಮೆಯಾಗಬಾರದು. ವಿಚಿತ್ರ ಅಂದರೆ ಸಿಗ್ನಲ್ಲೇ ನಮಗೆ ಇದು ಬೇಡ ಅಂದಿದೆ. ಬೇರೆಯವರ ಜೊತೆ ಬೆರೆತರೆ ತಮ್ಮ ಬಳಕೆದಾರರ ಗೋಪ್ಯತೆಯ ಮಟ್ಟ ಇಳಿಯುತ್ತೆ ಅನ್ನುವ ಅಳುಕು ಅವರದು. ಯಾರು ಯಾರಿಗೆ ಯಾವಾಗ ಕಳಿಸಿದರು ಅನ್ನುವುದೂ ಮಾಹಿತಿಯೇ ಅಲ್ಲವೇ? ಈ ಅಳುಕನ್ನು ತಳ್ಳಿಹಾಕಲು ನನಗೆ ಆಗುತ್ತಿಲ್ಲ.

ಆದರೂ ನನ್ನ ಓಟು ಗೇಟು ತೆಗೆಯುವ ಕಡೆಗೇ. ಮನೆ ಓನರ್, ಅಪಾರ್ಟ್‌ಮೆಂಟ್ ಕಮಿಟಿ, ಶಾಲೆ ವ್ಯಾನಿನ ಡ್ರೈವರ್, ಅಮ್ಮ, ಎಲ್ಲರೂ ಒಂದೇ ಆ್ಯಪ್‌ನಲ್ಲಿರುವಾಗ 'ಇಷ್ಟ ಇಲ್ಲದಿದ್ದರೆ ಬಿಟ್ಟುಬಿಡಿ' ಅನ್ನುವುದು ಆಯ್ಕೆಯೇ ಅಲ್ಲ. ಇಬ್ಬರ ನಡುವಿನ ಮೆಸೇಜು, ಫೋಟೊ ದಾಟಿದರೆ ಸದ್ಯಕ್ಕೆ ನನಗೆ ಸಾಕು. ಗ್ರೂಪುಗಳಿಗೆ ಆತುರ ಇಲ್ಲ. ಬೆಳಿಗ್ಗೆ ಐದೂವರೆಗೆ ಬರುವ ಶುಭೋದಯದ ಗುಲಾಬಿಗಳು ಇನ್ನಷ್ಟು ವರ್ಷ ಗೇಟಿನ ಒಳಗೇ ಇರಲಿ.