ಒಕ್ಕೂಟ ಬೆಂಗಳೂರಿಗೆ ಬಂದು ನಿಂತರೆ, ಕನಕಗಿರಿಗೆ ಬರೋದು ಯಾವಾಗ?

"ಬಡ ದೇಶಕ್ಕ ಇಷ್ಟೊಂದು ಸರಕಾರ ಯಾಕ ಬೇಕ್ರೀ? ದಿಲ್ಲ್ಯಾಗ ಒಂದು, ಬೆಂಗಳೂರಾಗ ಒಂದು, ಜಿಲ್ಲಾಕ್ಕೊಂದು, ತಾಲೂಕಕ್ಕೊಂದು, ಊರಾಗ ಮತ್ತೊಂದು. ಎಲ್ಲಾ ತಿನ್ನಾವ್ರ. ದಿಲ್ಲ್ಯಾಗ ಒಬ್ಬ ಗಟ್ಟಿ ಮನಷ್ಯಾ ಕುಂತು ನಡೆಸಿದ್ರ ಮುಗೀತು."

ಈ ಮಾತನ್ನು ನೀವೂ ಕೇಳಿರುತ್ತೀರಿ. ಗಂಗಾವತಿಯ ಚಹಾದಂಗಡಿಯಲ್ಲಿ, ಕುಷ್ಟಗಿಯ ಬಸ್‌ಸ್ಟ್ಯಾಂಡಿನಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಹೇಳುವವರನ್ನು ನಾವು ಹಗುರವಾಗಿ ತಗೊಳ್ಳುವುದಿಲ್ಲ. ಆಫೀಸಿನಿಂದ ಆಫೀಸಿಗೆ ಅಲೆದು ಚಪ್ಪಲಿ ಸವೆಸಿದವರೇ ಹೆಚ್ಚಾಗಿ ಹೀಗೆ ಮಾತಾಡೋದು. ಆದರೆ ಮಾತು ತಪ್ಪು ಅಂತ ನಮ್ಮ ವಾದ. ಅದು ಎಷ್ಟು ತಪ್ಪು ಅಂತ ತಿಳಿಯಲು ಬೇರೆಲ್ಲೂ ಹೋಗಬೇಕಿಲ್ಲ, ನಮ್ಮ ಸೀಮೆಯ ಚರಿತ್ರೆ ನೋಡಿದರೆ ಸಾಕು.

ಒಬ್ಬ ಗಟ್ಟಿ ಮನುಷ್ಯ ದೂರದಲ್ಲಿ ಕೂತು ನಡೆಸುವ ಆಡಳಿತವನ್ನು ನಾವು ಈಗಾಗಲೇ ಉಂಡಿದ್ದೇವೆ. ನಿಜಾಮ ಹೈದರಾಬಾದಿನಲ್ಲಿದ್ದ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಆಡಳಿತದ ಭಾಷೆ ಉರ್ದು, ಜನರ ಭಾಷೆ ಕನ್ನಡ. 1948ರ ಸೆಪ್ಟೆಂಬರ್ 17ರ ನಂತರ ನಿಜಾಮನ ಆಳ್ವಿಕೆ ಹೋಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆಯ ಭಾಗವಾಗಿ ನಾವು ಕನ್ನಡ ನಾಡಿಗೆ ಸೇರಿದೆವು. ಹೈದರಾಬಾದ್ ದೂರ ಇತ್ತು, ಬೆಂಗಳೂರೂ ದೂರವೇ ಆಯಿತು. ನಲವತ್ತಾರು ವರ್ಷ ಕಳೆದ ಮೇಲೆ, 2002ರಲ್ಲಿ, ಡಿ.ಎಂ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ಇಡೀ ರಾಜ್ಯದಲ್ಲಿ ಅತ್ಯಂತ ಹಿಂದುಳಿದ ತಾಲ್ಲೂಕು 39 ಸಿಕ್ಕವು. ಅದರಲ್ಲಿ 21 ನಮ್ಮ ಭಾಗದವು.

ಆಮೇಲೆ ಏನಾಯಿತು ನೋಡಿ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ, ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ, 371(ಜೆ) ವಿಧಿ ಬಂತು. ಇವತ್ತು ನಮ್ಮ ಹುಡುಗ ಹುಡುಗಿಯರು ಎಸಿ ಆಫೀಸಿನ ಮುಂದೆ ಸಾಲು ನಿಂತು ತರುವ ಸರ್ಟಿಫಿಕೇಟು ಇದೇ ವಿಧಿಯದು. ಅದರಿಂದ ಡಾಕ್ಟರ್ ಸೀಟು ಸಿಕ್ಕವರಿದ್ದಾರೆ, ಮಾಸ್ತರ ನೌಕರಿ ಸಿಕ್ಕವರಿದ್ದಾರೆ. ದೇಶವೆಲ್ಲಾ ಒಂದೇ ಅಚ್ಚಿನಲ್ಲಿ ನಡೆಯಬೇಕು ಅನ್ನುವ ವ್ಯವಸ್ಥೆಯಲ್ಲಿ ಈ ಸರ್ಟಿಫಿಕೇಟು ಹುಟ್ಟುತ್ತಲೇ ಇರಲಿಲ್ಲ. ಒಂದು ಸೀಮೆಯ ಪೆಟ್ಟು ಬೇರೆ, ಅದಕ್ಕೆ ಕೊಡುವ ಮದ್ದೂ ಬೇರೆ ಅಂತ ಒಪ್ಪಿಕೊಂಡಾಗಲೇ ಇದು ಸಾಧ್ಯ. ಒಕ್ಕೂಟ ಅಂದರೆ ಅದೇ.

ಅಕ್ಕಪಕ್ಕದ ಬಡ ದೇಶಗಳನ್ನೂ ನೋಡೋಣ. ಶ್ರೀಲಂಕಾ 1972ರ ಸಂವಿಧಾನದಲ್ಲಿ ತನ್ನನ್ನು ಏಕೀಕೃತ ರಾಜ್ಯ ಅಂತ ಬರೆದುಕೊಂಡಿತು. ತಮಿಳರು ಬಹುಕಾಲದಿಂದ ಕೇಳುತ್ತಿದ್ದ ಒಕ್ಕೂಟ ಕೊಡಲಿಲ್ಲ. 1983ರಿಂದ 2009ರವರೆಗೆ ಅಲ್ಲಿ ಯುದ್ಧ ನಡೆಯಿತು. ಯುದ್ಧಕ್ಕೆ ಅದೊಂದೇ ಕಾರಣ ಅಂತ ನಾವು ಹೇಳುವುದಿಲ್ಲ, ಆದರೆ ಒಂದೇ ಸರಕಾರ ಇಟ್ಟುಕೊಂಡು ಉಳಿಸಿದ ಖರ್ಚಿಗಿಂತ ಆ ಯುದ್ಧದ ಖರ್ಚು ಕಡಿಮೆ ಇತ್ತೇ? ನೇಪಾಳ ನಮಗಿಂತ ಬಡ ದೇಶ. ಅದು 2015ರಲ್ಲಿ ಒಕ್ಕೂಟದ ಸಂವಿಧಾನ ಬರೆದುಕೊಂಡಿತು. ಏಳು ಪ್ರಾಂತ, 753 ಸ್ಥಳೀಯ ಸರಕಾರ. ಆ ಸ್ಥಳೀಯ ಸರಕಾರಗಳ ಅಧಿಕಾರ ಯಾವುದು ಅನ್ನೋದನ್ನು ಸಂವಿಧಾನದಲ್ಲೇ ಬೇರೆ ಪಟ್ಟಿ ಮಾಡಿ ಬರೆದರು. ದುಡ್ಡು ಇನ್ನೂ ಹೆಚ್ಚಾಗಿ ಕಠ್ಮಂಡುವಿನಿಂದಲೇ ಬರಬೇಕು, ತಕರಾರು ಬೇಕಾದಷ್ಟಿವೆ. ಆದರೂ 2017ರಲ್ಲಿ, 2022ರಲ್ಲಿ ಊರ ಮಟ್ಟದ ಚುನಾವಣೆ ನಡೆದವು. ಈ ಎರಡು ಇಸವಿ ನೆನಪಿಟ್ಟುಕೊಳ್ಳಿ.

ಈಗ ದಿಲ್ಲಿ ಮತ್ತು ಬೆಂಗಳೂರಿನ ಜಗಳಕ್ಕೆ ಬರೋಣ. ಅದರಲ್ಲಿ ನಾವು ಬೆಂಗಳೂರಿನ ಕಡೆ. ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇತ್ತು, 15ನೇ ಆಯೋಗ ಅದನ್ನು ಶೇ 3.647ಕ್ಕೆ ಇಳಿಸಿತು. 2023ರ ಬರದಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆ ಆದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲ್ ಕೊನೆಗೆ ಬಂದದ್ದು 3,454 ಕೋಟಿ. ಅಷ್ಟೊತ್ತಿಗೆ ಒಣಗಿದ ಬೆಳೆ ದನಕ್ಕೂ ಆಗದಂತಾಗಿತ್ತು. ಅಕ್ಕಿಯ ಕತೆಯಂತೂ ನಗು ತರಿಸುತ್ತದೆ. 2023ರಲ್ಲಿ ಅನ್ನಭಾಗ್ಯಕ್ಕೆ ದುಡ್ಡು ಕೊಟ್ಟು ಅಕ್ಕಿ ಕೊಳ್ಳುತ್ತೇವೆ ಅಂದರೂ ಕೇಂದ್ರ ತನ್ನ ಗೋದಾಮಿನಿಂದ ರಾಜ್ಯಗಳಿಗೆ ಮಾರುವುದನ್ನೇ ನಿಲ್ಲಿಸಿತು. ಕೆ.ಜಿ.ಗೆ 34 ರೂಪಾಯಿಯಂತೆ ಐದು ಕೆ.ಜಿ.ಗೆ 170 ರೂಪಾಯಿ ನಮ್ಮ ತಾಯಂದಿರ ಖಾತೆಗೆ ಬಂತು. ಭತ್ತದ ಕಣಜ ಅಂತ ಕರೆಸಿಕೊಳ್ಳುವ ಗಂಗಾವತಿಯ ಮಗ್ಗುಲಲ್ಲಿ ಕೂತವರಿಗೆ ಅಕ್ಕಿಯ ಅಪ್ಪಣೆ ದಿಲ್ಲಿಯಿಂದ ಆಗಬೇಕಾಗಿತ್ತು!

2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ, ಮಂತ್ರಿಗಳು, ಶಾಸಕರು ದಿಲ್ಲಿಯ ಜಂತರ್ ಮಂತರ್‌ಗೆ ಹೋಗಿ 'ನನ್ನ ತೆರಿಗೆ ನನ್ನ ಹಕ್ಕು' ಅಂತ ಧರಣಿ ಕೂತರು. ಸರಿಯಾಗೇ ಕೂತರು. ನಮ್ಮ ಪ್ರಶ್ನೆ ಶುರುವಾಗೋದು ಅವರು ವಾಪಸ್ ಬೆಂಗಳೂರಿಗೆ ಬಂದ ಮೇಲೆ.

ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. 2025 ಮುಗಿಯುತ್ತಾ ಬಂದಿತ್ತು. ಆಗಲೂ ಚುನಾವಣೆ ಇರಲಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಬಿಜೆಪಿ ಸರಕಾರ 2021ರಲ್ಲಿ ಕಾಯ್ದೆ ತಿದ್ದಿ, ಕ್ಷೇತ್ರ ಗೆರೆ ಎಳೆಯುವ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತುಕೊಂಡು ಬೇರೆ ಆಯೋಗಕ್ಕೆ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಕಾಂಗ್ರೆಸ್ ಬಂತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ಅದೇ ಹಾಡು ಮುಂದುವರಿಯಿತು. ಎಲ್ಲದರಲ್ಲೂ ಕಿತ್ತಾಡುವ ಎರಡು ಪಕ್ಷ ಇದೊಂದರಲ್ಲಿ ಅಣ್ಣತಮ್ಮರಂತೆ ನಡೆದುಕೊಂಡಿವೆ.

ನಮ್ಮ ಕನಕಗಿರಿಯ ವಿಷಯ ಇನ್ನೂ ಚಂದ. "ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಅಂತ ಗಾದೆ. ಗಂಗಾವತಿಯಿಂದ ಒಡೆದು ಕನಕಗಿರಿಯನ್ನು, ಕಾರಟಗಿಯನ್ನು ಹೊಸ ತಾಲ್ಲೂಕು ಮಾಡಿದರು. ಯಲಬುರ್ಗಾದಿಂದ ಒಡೆದು ಕುಕನೂರು ಮಾಡಿದರು. ಪಟಾಕಿ ಹೊಡೆದೆವು, ಬೋರ್ಡು ಬಂತು. ಆದರೆ ತಾಲ್ಲೂಕಾದ ಮೇಲೆ ಈ ಮೂರು ಕಡೆಯ ಜನ ತಮ್ಮ ತಾಲ್ಲೂಕು ಪಂಚಾಯ್ತಿಗೆ ಅಂತ ಒಂದು ಸಾರಿಯೂ ಸಾರ್ವತ್ರಿಕ ಚುನಾವಣೆಯಲ್ಲಿ ಓಟು ಹಾಕಿಲ್ಲ. ತಾಲ್ಲೂಕು ಇದೆ, ತಾಲ್ಲೂಕಿನ ಸರಕಾರ ಇಲ್ಲ. ನಡೆಸುತ್ತಿರುವವರು ಆಡಳಿತಾಧಿಕಾರಿ. ಒಳ್ಳೆಯವರೇ ಇರಬಹುದು. ಆದರೆ ಅವರನ್ನು ನಾವು ಆರಿಸಿಲ್ಲ, ಇಳಿಸಲೂ ಬರುವುದಿಲ್ಲ.

"ತಾಲ್ಲೂಕು ಪಂಚಾಯ್ತಿ ಮೆಂಬರ್ ಇದ್ದಾಗ ಏನ್ ಕಡದಿದ್ರು?" ಅಂತ ಕೇಳುತ್ತೀರಿ. ಕೇಳಲೇಬೇಕು. ಕಮಿಷನ್ ತಿಂದವರಿದ್ದರು, ಹೆಂಡತಿ ಹೆಸರಲ್ಲಿ ಗಂಡ ಮೀಟಿಂಗಿಗೆ ಹೋದವರಿದ್ದರು. ಆದರೆ ಅಂಗನವಾಡಿ ಚಾವಣಿ ಸೋರಿದರೆ, ಕುಡಿಯುವ ನೀರಿನ ಮೋಟರ್ ಸುಟ್ಟರೆ, ಆ ಮನುಷ್ಯನನ್ನು ಸಂತೆಯಲ್ಲಿ ಅಂಗಿ ಹಿಡಿದು ನಿಲ್ಲಿಸಬಹುದಿತ್ತು. ಶಾಸಕರನ್ನು ಹಾಗೆ ನಿಲ್ಲಿಸಿ ನೋಡಿ, ಕಾರಿನ ಗಾಜು ಸಹ ಇಳಿಯುವುದಿಲ್ಲ. ಮತ್ತೆ ಈ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳದು. 2023ರಲ್ಲಿ ವಿಧಾನಸಭೆಯ 224 ಸ್ಥಾನಕ್ಕೆ ಗೆದ್ದ ಹೆಣ್ಣುಮಕ್ಕಳು ಹತ್ತೇ ಹತ್ತು. ಚುನಾವಣೆ ತಡೆದವರು ಯಾರ ಕುರ್ಚಿ ಕಸಿದಿದ್ದಾರೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಜೊತೆಗೆ, ಆಯ್ಕೆಯಾದ ಸಂಸ್ಥೆ ಇದ್ದರೆ ಮಾತ್ರ ಹಣಕಾಸು ಆಯೋಗದ ಅನುದಾನ ಅನ್ನುವ ಷರತ್ತಿದೆ. ದಿಲ್ಲಿ ನಮ್ಮ ಪಾಲು ಕೊಡುತ್ತಿಲ್ಲ ಅಂತ ಕೂಗುವವರು, ತಮ್ಮ ಕೈಯಾರೆ ಬಿಟ್ಟ ಪಾಲಿನ ಬಗ್ಗೆ ಯಾಕೆ ಬಾಯಿ ಬಿಡುವುದಿಲ್ಲ?

ಯಾಕೆ ಅಂತ ನಮಗೆ ಅನ್ನಿಸಿದ್ದನ್ನು ಹೇಳುತ್ತೇವೆ. ಜಿಲ್ಲಾ ಪಂಚಾಯ್ತಿ ಸದಸ್ಯ ಅಂದರೆ ನಾಳಿನ ಶಾಸಕ. ಯಾವ ಶಾಸಕನಿಗೆ ತನ್ನ ಎದುರಾಳಿಯನ್ನು ತಾನೇ ಸಾಕುವ ಆಸೆ ಇರುತ್ತದೆ? ಸಂವಿಧಾನವೂ ಇಲ್ಲಿ ಸ್ವಲ್ಪ ಸಡಿಲ ಬಿಟ್ಟಿದೆ. 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ 29 ವಿಷಯಗಳ ಪಟ್ಟಿ ಕೊಟ್ಟಿತು, ಆದರೆ ರಾಜ್ಯ ಆ ಅಧಿಕಾರ "ಕೊಡಬೇಕು" ಅನ್ನಲಿಲ್ಲ, "ಕೊಡಬಹುದು" ಅಂದಿತು. ನೇಪಾಳ ನಮ್ಮನ್ನು ಹಿಂದೆ ಹಾಕಿದ್ದು ಇಲ್ಲಿ. ನಾಚಿಕೆಯ ಸಂಗತಿ ಏನಂದರೆ ಒಂದು ಕಾಲಕ್ಕೆ ದೇಶಕ್ಕೆ ದಾರಿ ತೋರಿಸಿದ್ದು ಕರ್ನಾಟಕವೇ. ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಕಾಯ್ದೆ ಮಾಡಿ, 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳಿಗೆ ಚುನಾವಣೆ ನಡೆಸಿದರು. ಆಗಲೇ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಇಟ್ಟಿದ್ದರು. ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡ ಆ ಮನುಷ್ಯನಿಗೆ ನೀರನ್ನೂ ಅಧಿಕಾರವನ್ನೂ ಕೆಳಕ್ಕೆ ಹರಿಸುವುದು ಗೊತ್ತಿತ್ತು.

ಇದಕ್ಕೆಲ್ಲಾ ಪ್ರತ್ಯೇಕ ಕಲ್ಯಾಣ ಕರ್ನಾಟಕ ರಾಜ್ಯವೇ ಮದ್ದು ಅನ್ನುವ ಗೆಳೆಯರಿದ್ದಾರೆ. ನಾವು ಒಪ್ಪುವುದಿಲ್ಲ. ಬೆಂಗಳೂರಿನ ಬದಲು ಕಲಬುರಗಿಗೆ ಬಸ್ ಹತ್ತಬೇಕು, ಅಷ್ಟೇ ವ್ಯತ್ಯಾಸ. 371(ಜೆ) ಅಡಿ ಬಂದ ಪ್ರದೇಶಾಭಿವೃದ್ಧಿ ಮಂಡಳಿಯನ್ನೇ ನೋಡಿ. ವರ್ಷಕ್ಕೆ ಸಾವಿರಾರು ಕೋಟಿಯ ಮಾತು, ಕಚೇರಿ ಕಲಬುರಗಿಯಲ್ಲಿ, ಮಾತು ನಡೆಯುವುದು ಶಾಸಕರದು. ನಮ್ಮೂರ ಶಾಲೆಗೆ ಕೋಣೆ ಮೊದಲೋ ಕಾಂಪೌಂಡ್ ಮೊದಲೋ ಅಂತ ಊರಿನವರನ್ನು ಯಾರೂ ಕೇಳುವುದಿಲ್ಲ.

ನೀರಿನ ಮಾತು ಬಿಟ್ಟರೆ ಈ ಸೀಮೆಯ ಲೇಖನ ಪೂರ್ತಿ ಆಗುವುದಿಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ, ಈಗ ಹೂಳು ತುಂಬಿ ಸುಮಾರು 105. ಕಳೆದುಹೋದ ನೀರು ಹಿಡಿಯಲು ನವಲಿ ಹತ್ತಿರ ಸಮತೋಲನ ಜಲಾಶಯ ಕಟ್ಟುವ ಮಾತು ವರ್ಷಗಳಿಂದ ಇದೆ. ಅದಕ್ಕೆ ಆಂಧ್ರ, ತೆಲಂಗಾಣ ಎರಡೂ ಒಪ್ಪಬೇಕು. "ನೋಡ್ರಿ, ದಿಲ್ಲಿ ಒಂದ ಮಾತ್ ಹೇಳಿದ್ರ ಕೆಲಸ ಆಗ್ತಿತ್ತು" ಅನ್ನುತ್ತಾರೆ ಗಟ್ಟಿ ಮನುಷ್ಯನ ಅಭಿಮಾನಿಗಳು. ದಿಲ್ಲಿಯ ಆ ಒಂದು ಮಾತು ನಮ್ಮ ಪರವಾಗೇ ಇರುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಏನಾಯಿತು ನೆನಪಿದೆಯಲ್ಲ? ತುಂಗಭದ್ರಾ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ, ಜೊತೆಗೆ ರಾಜ್ಯಗಳ ಅಧಿಕಾರಿಗಳು. ಗೇಟಿನ ನೀರು ನಿಲ್ಲುವ ಮೊದಲೇ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುವುದು ಶುರುವಾಗಿತ್ತು. ಕಾಲುವೆ ಕೊನೆಯ ರೈತನಿಗೆ ಆ ಮೇಜಿನ ಸುತ್ತ ಒಂದು ಕುರ್ಚಿ ಇಲ್ಲ. ನಾಳೆ ನವಲಿಯಲ್ಲಿ ಹೊಲ ಮುಳುಗುವವನಿಗೂ ಇಲ್ಲ. ಮೂರು ರಾಜ್ಯ ಕೂತು ಮಾತಾಡುವುದು ತಡವಾಗುತ್ತದೆ, ಒಪ್ಪುತ್ತೇವೆ. ಆ ಮಾತಿನಲ್ಲಿ ಅಚ್ಚುಕಟ್ಟಿನ ಜಿಲ್ಲೆಗಳು ಆರಿಸಿದ ಜನರೂ ಇರಬೇಕು ಅನ್ನೋದು ನಮ್ಮ ಬೇಡಿಕೆ. ಆದರೆ ಕಳಿಸೋಣ ಅಂದರೆ ಇವತ್ತು ಕೊಪ್ಪಳ ಜಿಲ್ಲಾ ಪಂಚಾಯ್ತಿಯಲ್ಲಿ ಆರಿಸಿದ ಒಬ್ಬ ಸದಸ್ಯನೂ ಇಲ್ಲ.

ಗ್ರಾಮ ಪಂಚಾಯ್ತಿಗಳಿಗೆ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ. ಅವುಗಳ ಅವಧಿಯೂ ಐದೇ ವರ್ಷದ್ದು. ಜಿಲ್ಲೆ, ತಾಲ್ಲೂಕಿಗೆ ಮಾಡಿದ್ದನ್ನೇ ಊರಿಗೂ ಮಾಡಿದರೆ ವಿಧಾನಸಭೆಯ ಕೆಳಗೆ ಹಳ್ಳಿಯವರು ಆರಿಸಿದ ಮನುಷ್ಯ ಒಬ್ಬನೂ ಉಳಿಯುವುದಿಲ್ಲ. ಅದಕ್ಕೇ ಈ ಸಲ ನಿಮ್ಮೂರಿಗೆ ಶಾಸಕರು ಭೂಮಿಪೂಜೆಗೆ ಬಂದಾಗ ರಸ್ತೆ, ಗಟಾರದ ಜೊತೆ ಇದನ್ನೂ ಕೇಳಿ: ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವ ತಾರೀಕಿಗೆ? ನೋಡೋಣ, ಮಾಡೋಣ ಅಂದರೆ ಒಪ್ಪಬೇಡಿ, ತಾರೀಕು ಕೇಳಿ. ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ನಿಮ್ಮ ಹೆಸರು ಬೇಡ ಅಂದರೆ ಹಾಕುವುದಿಲ್ಲ, ಅವರ ಉತ್ತರ ಮಾತ್ರ ಇದ್ದದ್ದು ಇದ್ದ ಹಾಗೆ ಹಾಕುತ್ತೇವೆ.