ಎರವಲು ಅಳತೆಗೋಲು, ನಮ್ಮ ಹೃದಯ

2025ರ ಜೂನ್, ಜುಲೈ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ ಜನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಸಾಲುಗಟ್ಟಿ ನಿಂತರು. 2021ರಲ್ಲಿ ಪುನೀತ್ ರಾಜಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದಾಗಲೂ ಹೀಗೆಯೇ ಆಗಿತ್ತು. ಎಲ್ಲರ ಪ್ರಶ್ನೆಯೂ ಒಂದೇ: ಮುಂದಿನ ಸರದಿ ನನ್ನದೇ?

ಕೆಲವು ವರ್ಷಗಳ ಹಿಂದೆ ನಾನೂ ಈ ಪ್ರಶ್ನೆ ಕೇಳಿಕೊಂಡಿದ್ದೆ. ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಮಧುಮೇಹ, ಧೂಮಪಾನದ ವಿವರ ಪಡೆದ ವೈದ್ಯರು ಲೆಕ್ಕ ಹಾಕಿ, ಮುಂದಿನ ಹತ್ತು ವರ್ಷಗಳಲ್ಲಿ ಅಪಾಯ ಕಡಿಮೆ ಎಂದರು. ಐವತ್ತು ತುಂಬುವ ಮುನ್ನವೇ ನನ್ನ ತಂದೆ ಹೃದಯಾಘಾತದಿಂದ ತೀರಿಕೊಂಡದ್ದು ಆ ಲೆಕ್ಕಕ್ಕೆ ಬೇಕಿರಲಿಲ್ಲ.

ಆ ಸೂತ್ರದ ತವರು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣ. 1948ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನ 5,209 ಮಂದಿಯನ್ನು ದಶಕಗಳ ಕಾಲ ಗಮನಿಸಿತು. ಜಗತ್ತು ಅದಕ್ಕೆ ಋಣಿ. ಆದರೆ ಅವರಲ್ಲಿ ಬಹುತೇಕರು ಬಿಳಿಯರು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದ ಅಂಕಿಅಂಶಗಳು 2007ರಲ್ಲಿ ಒಂದು ಕಹಿ ಸತ್ಯವನ್ನು ತೋರಿಸಿದವು: ದಕ್ಷಿಣ ಏಷ್ಯನ್ನರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದವರಿಗೆ ಸುಮಾರು 59ಕ್ಕೆ. ಕಾರಣಗಳು ಬೇರೆಯಲ್ಲ, ಅವೇ ಕಾರಣಗಳು ನಮ್ಮನ್ನು ಬೇಗ ಮುತ್ತಿಕೊಳ್ಳುತ್ತವೆ.

ಬ್ರಿಟನ್ ಈ ಪಾಠ ಕಲಿಯಿತು. ಕುಟುಂಬ ವೈದ್ಯರ ದಾಖಲೆಗಳಿಂದ ರೂಪಿಸಿದ ಅಲ್ಲಿನ ‘ಕ್ಯೂರಿಸ್ಕ್’ ಸೂತ್ರ ಕೌಟುಂಬಿಕ ಹಿನ್ನೆಲೆಯನ್ನೂ ಬಡತನವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. 2008ರಿಂದ ಜನಾಂಗೀಯ ಮೂಲವನ್ನೂ ಕೇಳುತ್ತಿದೆ. ಲಂಡನ್ನಿನಲ್ಲಿ ನೆಲೆಸಿದ ಕನ್ನಡಿಗನಿಗೆ ಭಾರತೀಯನೆಂಬ ನೆಲೆಯಲ್ಲೇ ಅಪಾಯದ ಅಂದಾಜು ಸಿಗುತ್ತದೆ. ಹಾಸನದ ಕನ್ನಡಿಗನ ಪಾಲಿಗೆ ಇರುವುದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಡೀ ದಕ್ಷಿಣ ಏಷ್ಯಾಕ್ಕೆ ಹೊಂದಿಸಿಕೊಟ್ಟ ಕೋಷ್ಟಕ.

ಸ್ವಂತ ಅಳತೆಗೋಲು ನಮಗೇಕಿಲ್ಲ? ವಿಜ್ಞಾನಿಗಳ ಕೊರತೆಯಿಂದಲ್ಲ, ದಾಖಲೆಗಳ ಕೊರತೆಯಿಂದ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಕಾಲು ಭಾಗಕ್ಕೂ ಕಡಿಮೆ. ಯಾರು ಯಾವುದರಿಂದ ಸತ್ತರೆಂಬುದೇ ತಿಳಿಯದಿದ್ದರೆ, ಯಾರು ಸಾಯಬಹುದೆಂದು ಹೇಳುವುದು ಹೇಗೆ?

ಆದರೂ ಅರ್ಧ ದಾರಿ ಕ್ರಮಿಸಿದ್ದೇವೆ. 30 ದಾಟಿದವರ ಮನೆಬಾಗಿಲಿಗೆ ಹೋಗುವ ಆಶಾ ಕಾರ್ಯಕರ್ತೆಯರು ಸೊಂಟದ ಸುತ್ತಳತೆ, ತಂಬಾಕು ಚಟ, ಕುಟುಂಬದ ಕಾಯಿಲೆಗಳ ವಿವರ ಬರೆದುಕೊಳ್ಳುತ್ತಾರೆ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳ ವರದಿಯನ್ನು ಕಡ್ಡಾಯಗೊಳಿಸುವುದಾಗಿ ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಘೋಷಿಸಿತು. ವ್ಯಕ್ತಿಗಳ ಗೋಪ್ಯತೆ ಕಾಯ್ದುಕೊಂಡು ಈ ಎರಡು ದಾಖಲೆಗಳನ್ನು ಬೆಸೆದು, ಹತ್ತು ವರ್ಷ ತಾಳ್ಮೆಯಿಂದ ಹಿಂಬಾಲಿಸಿದರೆ ನಮ್ಮದೇ ಸೂತ್ರಕ್ಕೆ ಬುನಾದಿ ಸಿದ್ಧವಾಗುತ್ತದೆ.

ಯಾವ ಸೂತ್ರವೂ ಜಾತಕವಲ್ಲ. ಶೇಕಡ 10ರ ಅಪಾಯವೆಂದರೆ ನಿಮ್ಮಂಥ ನೂರು ಮಂದಿಯಲ್ಲಿ ಹತ್ತು ಮಂದಿಗೆ ಎಂದಷ್ಟೇ ಅರ್ಥ. ಆದರೆ ಯಾರಿಗೆ ಮೊದಲು ಔಷಧ, ಯಾರಿಗೆ ಎಚ್ಚರಿಕೆ ಎಂಬುದನ್ನು ನಿರ್ಧರಿಸಲು ಸರ್ಕಾರಕ್ಕೆ ಆ ಅಂಕಿ ಬೇಕೇ ಬೇಕು. ಅದಿಲ್ಲದ ಕಡೆ ಸಾಲಿನಲ್ಲಿ ಮುಂದೆ ನಿಲ್ಲುವವರು ಹೆಚ್ಚು ಹೆದರಿದವರೇ ಹೊರತು ಹೆಚ್ಚು ಅಪಾಯದಲ್ಲಿರುವವರಲ್ಲ.